ದೆವ್ವದ ಕಾದಂಬರಿಗಿಂತ ‘ಚೋಮನ ದುಡಿ’ಗೇ ನಾನು ಹೆಚ್ಚು ಹೆದರಿದ್ದು

ಪುಸ್ತಕದ ಮಾತು ಬಂದರೆ ನಮ್ಮ ಕಡೆ ಎರಡು ಗುಂಪು. ‘ತ್ರಿವೇಣಿ, ಯಂಡಮೂರಿ ಎಲ್ಲ ಟೈಂಪಾಸು, ಓದಿದರೆ ಕಾರಂತ, ಕುವೆಂಪು ಓದಬೇಕು’ ಅನ್ನುವವರು ಒಂದು. ‘ಕುವೆಂಪು ನಮ್ಮಂಥವರಿಗೆ ಎಲ್ಲಿ ಅರ್ಥ ಆಗ್ತಾರೆ ಬಿಡಿ’ ಎಂದು ಕೈಮುಗಿಯುವವರು ಇನ್ನೊಂದು. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ.

ಮೊದಲು ಟೈಂಪಾಸು ಅನ್ನುವವರಿಗೆ. ಹಳ್ಳಿಗಳಲ್ಲಿ ಓದುವ ಚಟ ಹಿಡಿಸಿದವರು ಯಾರು? ಎನ್. ನರಸಿಂಹಯ್ಯ ಅವರ ಪತ್ತೇದಾರಿ ಕಾದಂಬರಿಗಳು, ವಾರಪತ್ರಿಕೆಯ ಧಾರಾವಾಹಿಗಳು. ವಾರ ವಾರ ಪುಟ ಹರಿದಿಟ್ಟು, ಸೂಜಿದಾರದಲ್ಲಿ ಹೊಲಿದು, ಆ ಕಟ್ಟನ್ನು ಓಣಿಯ ಹೆಂಗಸರೆಲ್ಲ ಕೈಬದಲಿಸಿ ಓದುತ್ತಿದ್ದ ಕಾಲವೊಂದಿತ್ತು. ಹಾಗೆ ಓದಿದವರನ್ನು ಸಾಹಿತ್ಯ ಗೊತ್ತಿಲ್ಲದವರು ಅನ್ನುವುದು ಸರಿಯಲ್ಲ.

ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 34 ವರ್ಷ. ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ನೋಡಿದವರೇ ಹೆಚ್ಚು, ಪುಸ್ತಕವನ್ನೂ ಓದಿ. ಬಾಣಂತನದ ನಂತರ ಮನಸ್ಸಿನ ಕಾಯಿಲೆ ಬಂದು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದವಳು ಕಾವೇರಿ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಕಾಯಿಲೆ ಹೋಗಿದೆ, ಹೆಸರು ಹೋಗಿಲ್ಲ. ಇವತ್ತಿಗೂ ಬಾಣಂತಿ ಮಂಕಾಗಿ ಕೂತರೆ ‘ಏನೋ ಸೋಕಿದೆ’ ಎಂದು ತಾಯಿತ ಕಟ್ಟಿಸುವ ಮನೆಗಳಿವೆ. ಆ ಮನೆಗಳಲ್ಲಿ ಓದಬೇಕಾದ ಪುಸ್ತಕ ಇದು. ಜನಪ್ರಿಯವಾದ ಮಾತ್ರಕ್ಕೆ ಹಗುರ ಹೇಗಾದೀತು?

ಇನ್ನು ಹೆದರಿಕೆಯ ಪುಸ್ತಕಗಳು. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಬಂದದ್ದು 1897ರಲ್ಲಿ. ಇಡೀ ಕಥೆ ಡೈರಿ, ಪತ್ರ, ತಂತಿ ಸಂದೇಶಗಳಲ್ಲೇ ಸಾಗುತ್ತದೆ. ಮೊದಲ ಭಾಗ, ಅಂದರೆ ಕೋಟೆಯಲ್ಲಿ ಸಿಕ್ಕಿಬಿದ್ದ ಹಾರ್ಕರನ ಡೈರಿ, ಭಲೇ ಚೆನ್ನಾಗಿದೆ. ಕೌಂಟ್ ಗೋಡೆಯ ಮೇಲೆ ಹಲ್ಲಿಯಂತೆ ತಲೆಕೆಳಗಾಗಿ ಇಳಿಯುವುದನ್ನು ರಾತ್ರಿ ಓದಿದರೆ ಕಿಟಕಿ ಹಾಕಲು ಏಳಲೇಬೇಕು. ಆಮೇಲೆ ಗಂಡಸರೆಲ್ಲ ಸಭೆ ಸೇರಿ, ಯೋಜನೆ ಹಾಕಿ, ರೈಲು ಹತ್ತಿ ಇಳಿಯುವ ಪುಟಗಳು ನನಗೆ ಬೇಜಾರು ತಂದವು. ಒಂದು ಮಾತು ಮಾತ್ರ ಇಷ್ಟವಾಯಿತು: ಅಲ್ಲಿನ ಹಳ್ಳಿಯವರಿಗೆ ಮೊದಲೇ ಎಲ್ಲ ಗೊತ್ತು, ಹೋಗಬೇಡಪ್ಪಾ ಅಂತ ಗೋಗರೆಯುತ್ತಾರೆ, ಪಟ್ಟಣದ ಲಾಯರ್ ಹುಡುಗನೇ ಕೇಳುವುದಿಲ್ಲ!

ಯಂಡಮೂರಿ ವೀರೇಂದ್ರನಾಥರ ‘ತುಳಸೀದಳ’ ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮಾತಾಯಿತು. ಪುಟ್ಟ ಮಗುವಿನ ಮೇಲೆ ಮಾಟ; ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಾಂತ್ರಿಕರು. ಕೈಗೆತ್ತಿಕೊಂಡರೆ ಕೆಳಗಿಡಲು ಬಿಡುವುದಿಲ್ಲ, ಅದು ನಿಜ. ಆದರೂ ನನಗೊಂದು ತಕರಾರಿದೆ. ಪಟ್ಟಣದವರಿಗೆ ಮಾಟ ಅನ್ನುವುದು ಬರೀ ಕಥೆ. ನಮ್ಮಲ್ಲಿ ಹಾಗಲ್ಲ. ಮಾಟ ಮಾಡಿಸಿದರೆಂದು ಪಕ್ಕದ ಮನೆಯವರ ಮೇಲೆ ಗುಮಾನಿ, ಜಗಳ, ಹೊಡೆದಾಟ ಎಲ್ಲ ನಡೆಯುತ್ತವೆ. ಇಂಥದ್ದಕ್ಕೆ ಕಡಿವಾಣ ಹಾಕಲು ರಾಜ್ಯದಲ್ಲಿ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಹಾಗಂತ ‘ತುಳಸೀದಳ’ ಓದಬೇಡಿ ಅನ್ನುತ್ತಿಲ್ಲ. ಓದಿ, ಹೆದರಿ, ಮಜಾ ತಗೊಳ್ಳಿ. ಬೆಳಿಗ್ಗೆ ಎದ್ದು ಪಕ್ಕದ ಮನೆಯ ಅಜ್ಜಿಯನ್ನು ಓರೆಗಣ್ಣಿನಿಂದ ನೋಡಬೇಡಿ, ಅಷ್ಟೇ.

ನನ್ನನ್ನು ನಿಜವಾಗಿ ಹೆದರಿಸಿದ್ದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರ ಪುಸ್ತಕ. ಅದರಲ್ಲಿ ದೆವ್ವ ಇಲ್ಲ, ಮಾಟ ಇಲ್ಲ. ಚೋಮನಿಗೆ ಇರುವುದು ಒಂದೇ ಆಸೆ: ತಾನೂ ಒಂದು ತುಂಡು ಭೂಮಿ ಉಳಬೇಕು. ಎತ್ತು ಇವೆ, ದುಡಿಯುವ ರಟ್ಟೆ ಇದೆ, ಜಾತಿಯ ಕಾರಣಕ್ಕೆ ಭೂಮಿ ಮಾತ್ರ ಸಿಗುವುದಿಲ್ಲ. ಅವನ ಚಿಕ್ಕ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಮುಟ್ಟಬಾರದವರ ಮಗು ಎಂಬ ಒಂದೇ ಕಾರಣಕ್ಕೆ ಅದು ಉಳಿಯುವುದಿಲ್ಲ. ಆ ಪುಟ ಓದಿದ ಮೇಲೆ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಡ್ರಾಕುಲಾ ಹಗಲಾದರೆ ದುರ್ಬಲನಾಗುತ್ತಾನೆ. ಇದು ನಡೆಯುವುದೇ ಹಟ್ಟಹಗಲಲ್ಲಿ, ಎಲ್ಲರ ಕಣ್ಣೆದುರು. ಅದರ ಭಾಷೆಯೂ ಕಷ್ಟದ್ದಲ್ಲ, ಪುಟಗಳೂ ಕಡಿಮೆ. ಎರಡು ಸಂಜೆ ಸಾಕು.

ಕುವೆಂಪು ಅರ್ಥವಾಗುವುದಿಲ್ಲ ಅನ್ನುವವರಿಗೂ ಒಂದು ಮಾತು. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ದೊಡ್ಡ ಪುಸ್ತಕ, ಸುಳ್ಳು ಹೇಳುವುದಿಲ್ಲ. ಶುರುವಿನಲ್ಲಿ ಊರು, ಮನೆ, ಮನುಷ್ಯರ ಹೆಸರುಗಳಲ್ಲೇ ದಾರಿ ತಪ್ಪುತ್ತದೆ. ಒಂದು ಚೀಟಿಯಲ್ಲಿ ಯಾವ ಮನೆಯವರು ಯಾರು ಅಂತ ಬರೆದಿಟ್ಟುಕೊಳ್ಳಿ. ಅದೂ ಆಗದಿದ್ದರೆ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ನಡೆಯುತ್ತಾ ಹೋಗಿ. ಸಗಣಿ, ಇಂಬಳ, ಕಂಬಳಿಕೊಪ್ಪೆ, ಮಳೆ ಎಲ್ಲ ಗೊತ್ತಿರುವ ನಮಗೆ ಆ ಪುಸ್ತಕ ನಗರದ ಓದುಗರಿಗಿಂತ ಹತ್ತಿರ. ಹುಲಿಯನಿಗೆ ಕೊನೆಗೆ ಏನಾಯಿತು ಎಂದು ಇಲ್ಲಿ ಹೇಳಲಾರೆ.

ನಡುವೆ ಸೇತುವೆ ಬೇಕು ಅನ್ನುವವರಿಗೆ ತೇಜಸ್ವಿ ಇದ್ದಾರೆ. ‘ಜುಗಾರಿ ಕ್ರಾಸ್’ ಪತ್ತೇದಾರಿ ಕಥೆಯ ಓಟದಲ್ಲೇ ಏಲಕ್ಕಿ ಬೆಳೆಗಾರರ ಪಾಡು ಹೇಳುತ್ತದೆ. ‘ಕರ್ವಾಲೊ’ದಲ್ಲಿ ವಿಜ್ಞಾನಿಗೆ ಗುರುವಿನಂತೆ ಸಿಗುವವನು ಹಳ್ಳಿಯ ಮಂದಣ್ಣ.

ನಿಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಇರಲಿ, ಬೇಕು. ಅವುಗಳ ಹಿಂದಿನ ಸಾಲಿನಲ್ಲಿ ಇವು ಯಾವುವಾದರೂ ಇವೆಯೇ, ಈ ವಾರ ಹೋಗಿ ನೋಡಿ. ಇಲ್ಲದಿದ್ದರೆ ಮೇಲ್ವಿಚಾರಕರನ್ನು ಕೇಳಿ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯದ ಕರವನ್ನೂ ನಾವು ಕಟ್ಟುತ್ತಿದ್ದೇವೆ.