ಮನೆ–ಮಂದಿ: ಕಾರ್ಡು ಹೋದರೆ ವಿಮೆ ಹೋಗದು

ಬೆಳಗಿನ ಹನ್ನೊಂದು ಗಂಟೆಯೆಂದರೆ ಜಯನಗರದ ಮನೆಗಳಲ್ಲಿ ಬಲು ನಿಶ್ಶಬ್ದದ ಹೊತ್ತು. ಮಗ, ಸೊಸೆ ಕಚೇರಿಗೆ ಹೊರಟಿರುತ್ತಾರೆ, ಮೊಮ್ಮಕ್ಕಳು ಶಾಲೆಗೆ. ಮನೆಯಲ್ಲಿ ಉಳಿಯುವವರು ಇಬ್ಬರೇ: 74 ವರ್ಷದ ರಾಯರು ಮತ್ತು ಅವರ ಪತ್ನಿ. ಅಡಿಗೆಮನೆಯಲ್ಲಿ ಹುಳಿಯ ಒಗ್ಗರಣೆ ಮುಗಿದಿದೆ. ರಾಯರು ಪತ್ರಿಕೆಯನ್ನು ಎರಡನೆಯ ಸಲ ಓದತೊಡಗಿದ್ದಾರೆ. ಆಗ ಫೋನು ಬಾರಿಸುತ್ತದೆ.

ಆ ಕಡೆಯ ಧ್ವನಿ ಬಹಳ ವಿನಯದ್ದು. “ಸಾರ್, ನಿಮ್ಮ ಆರೋಗ್ಯ ವಿಮೆಯ ಕಾರ್ಡು ಹಳೆಯದಾಯಿತು. ಹೊಸ ಕಾರ್ಡು ಸಿದ್ಧವಾಗಿದೆ. ಈ ಸಂಜೆಯೊಳಗೆ ಬದಲಾಯಿಸಿಕೊಳ್ಳದಿದ್ದರೆ ನಾಳೆಯಿಂದ ಯಾವ ಆಸ್ಪತ್ರೆಯಲ್ಲಿಯೂ ನಡೆಯುವುದಿಲ್ಲ.”

ರಾಯರ ಹೃದಯಕ್ಕೆ ಹೋದ ವರ್ಷ ಸ್ಟೆಂಟ್ ಹಾಕಿದೆ. ಮುಂದಿನ ತಿಂಗಳು ಅವರ ಪತ್ನಿಯ ಮಂಡಿಗೆ ಶಸ್ತ್ರಚಿಕಿತ್ಸೆಯಾಗಬೇಕು. ‘ಆಸ್ಪತ್ರೆಯಲ್ಲಿ ನಡೆಯುವುದಿಲ್ಲ’ ಎಂಬ ಮಾತು ಕಿವಿಗೆ ಬಿದ್ದೊಡನೆ ಅವರ ಕೈ ಕನ್ನಡಕವನ್ನು ಅರಸುತ್ತದೆ. ಮೊದಲು ಜನ್ಮದಿನ, ಅನಂತರ ಆಧಾರ್ ಸಂಖ್ಯೆ, ಅದಾದ ಮೇಲೆ ಕಾರ್ಡಿನ ಶುಲ್ಕಕ್ಕೆಂದು ಬ್ಯಾಂಕಿನ ವಿವರ, ಕಟ್ಟಕಡೆಗೆ ಫೋನಿಗೆ ಬಂದು ಬಿದ್ದ ಆರು ಅಂಕಿಯ ಓಟಿಪಿ. ಹತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಮಂಡಿಯ ಚಿಕಿತ್ಸೆಗೆಂದು ತೆಗೆದಿರಿಸಿದ್ದ ಹಣದಲ್ಲಿ ಮುಕ್ಕಾಲು ಪಾಲು ಖಾತೆಯಿಂದ ಹೊರಟುಹೋಯಿತು.

ಈ ರಾಯರು ಇಂಥವರೇ ಎಂದು ಬೆರಳು ತೋರಿಸಬೇಕಾಗಿಲ್ಲ. ಬನಶಂಕರಿಯಲ್ಲಿ ಅವರಿಗೊಂದು ಹೆಸರು, ಜೆ. ಪಿ. ನಗರದಲ್ಲಿ ಮತ್ತೊಂದು, ಬಿ.ಟಿ.ಎಂ. ಬಡಾವಣೆಯಲ್ಲಿ ಇನ್ನೊಂದು. ಸುದ್ದಿಯನ್ನು ಕೇಳಿದ ನೆರೆಹೊರೆಯವರ ಮೊದಲ ಉದ್ಗಾರ ಮಾತ್ರ ಎಲ್ಲ ಕಡೆಯೂ ಒಂದೇ: “ಅಷ್ಟು ಓದಿದವರು ಹೇಗೆ ಮೋಸಹೋದರು?”

ಓದಿದವರಾದ್ದರಿಂದಲೇ ಮೋಸಹೋದರು ಎಂದರೆ ತಪ್ಪಾಗದು. ನಿವೃತ್ತರಾದವರ ಬಾಳೆಲ್ಲ ಕಾಗದಪತ್ರಗಳ ಶಿಸ್ತಿನಲ್ಲಿ ಸಾಗುತ್ತದೆ. ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಆಧಾರ್ ಜೋಡಿಸಿರಿ, ಗ್ಯಾಸಿಗೆ ಕೆವೈಸಿ ಮಾಡಿಸಿರಿ, ಬ್ಯಾಂಕಿಗೆ ಹೊಸ ಭಾವಚಿತ್ರ ತನ್ನಿರಿ ಎಂಬ ಅಪ್ಪಣೆಗಳಿಗೆ ಕೊನೆಯೆಂಬುದಿಲ್ಲ. ಜೀವಮಾನವೆಲ್ಲ ನೋಡಿಕೊಂಡು ಬಂದ ಬ್ಯಾಂಕುಗಳ ಹೆಸರುಗಳೇ ಅವರ ಕಣ್ಣೆದುರಿಗೆ ಬದಲಾದುವು: 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಬೇರೆ ಬ್ಯಾಂಕುಗಳಲ್ಲಿ ಲೀನವಾದುವು. ಆಗೆಲ್ಲ ಪಾಸ್‌ಪುಸ್ತಕ, ಚೆಕ್‌ಪುಸ್ತಕಗಳನ್ನು ನಿಜವಾಗಿಯೂ ಬದಲಾಯಿಸಿಕೊಳ್ಳಬೇಕಾಯಿತು. ಕಾಲಕಾಲಕ್ಕೆ ಅಪ್ಪಣೆಯನ್ನು ಪಾಲಿಸಿದವರಿಗೆ ‘ಕಾರ್ಡು ಬದಲಾಯಿಸಿ’ ಎಂಬ ಇನ್ನೊಂದು ಅಪ್ಪಣೆ ಅಸಹಜವಾಗಿ ತೋರುವುದೆಂತು? ವಂಚಕನು ಅವರ ದಡ್ಡತನವನ್ನಲ್ಲ, ಅವರ ಶಿಸ್ತನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ.

ಹಾಗಾದರೆ ಪಾರಾಗುವ ಬಗೆ ಯಾವುದು? ಕಾರ್ಡು ಎಂದರೇನು ಎಂಬುದನ್ನು ಮನೆಯವರೆಲ್ಲ ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಅರ್ಧ ಭಯ ಅಲ್ಲಿಯೇ ಕರಗುತ್ತದೆ.

ವಿಮೆಯೆಂಬುದು ಒಂದು ಕರಾರು. ಅದು ಇರುವುದು ಪಾಲಿಸಿಯ ಪತ್ರದಲ್ಲಿ, ಕಂತು ಕಟ್ಟಿದ ರಸೀದಿಯಲ್ಲಿ, ಕಂಪನಿಯ ದಫ್ತರದಲ್ಲಿ. ಕಾರ್ಡು ಆ ಕರಾರಿನ ಗುರುತಿನ ಚೀಟಿ ಮಾತ್ರ. ಆಸ್ಪತ್ರೆಯ ವಿಮೆಯ ಮೇಜಿನಲ್ಲಿ ಕುಳಿತವರು ನೋಡುವುದು ಅದರ ಮೇಲಿನ ಸಂಖ್ಯೆಯನ್ನು. ಕಂಪನಿಗೂ ಆಸ್ಪತ್ರೆಗೂ ನಡುವೆ ನಿಂತು ಲೆಕ್ಕ ನೋಡುವ ಮಧ್ಯವರ್ತಿ ಸಂಸ್ಥೆ, ಅಂದರೆ ಟಿಪಿಎ, ಬದಲಾದಾಗ ಕಾರ್ಡು ಬದಲಾಗುವುದು ಉಂಟು. ಆದರೆ ಕಂತು ಸಲ್ಲುತ್ತಿರುವವರೆಗೆ, ಕಾರ್ಡು ಕಳೆದರೂ ಹರಿದರೂ ಹಳೆಯದಾದರೂ ವಿಮೆ ಅಳಿಯುವುದಿಲ್ಲ. ಸಂಖ್ಯೆ ತಿಳಿದಿದ್ದರೆ ಹೊಸ ಪ್ರತಿಯನ್ನು ಕಂಪನಿಯಿಂದಲೇ ತರಿಸಿಕೊಳ್ಳಬಹುದು. ಮದುವೆಯ ಕರೆಯೋಲೆ ಕಳೆದುಹೋದ ಮಾತ್ರಕ್ಕೆ ಮದುವೆ ನಿಲ್ಲುವುದೇನು?

ಆದುದರಿಂದ ‘ಸಂಜೆಯೊಳಗೆ’ ಎಂಬ ಗಡುವು ಕೇಳಿದೊಡನೆ ಸಂಶಯ ಹುಟ್ಟಬೇಕು. ಓಟಿಪಿ ಕೇಳಿದರೆ ಸಂಶಯಕ್ಕೂ ಎಡೆಯಿಲ್ಲ, ಅದು ಮೋಸವೇ. ಓಟಿಪಿ ಮನೆಯ ಬೀಗದ ಕೈ ಇದ್ದ ಹಾಗೆ. ಹೊಸ ಕಾರ್ಡನ್ನು ಕೊಡಲು ಬಂದವನಿಗೆ ತಿಜೋರಿಯ ಬೀಗದ ಕೈ ಏಕೆ ಬೇಕು?

ಸರ್ಕಾರದ ಕಾರ್ಡಿನ ಮಾತು ಇನ್ನೊಂದು. ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರ್ 23ರಂದು ಆರಂಭವಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಅದನ್ನು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಂದಿಗೆ ಸೇರಿಸಿದರು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರವು 70 ವರ್ಷ ತುಂಬಿದವರಿಗೆಲ್ಲ, ವರಮಾನದ ಮಿತಿಯಿಲ್ಲದೆ, ‘ಆಯುಷ್ಮಾನ್ ವಯ ವಂದನಾ’ ಎಂಬ ಕಾರ್ಡನ್ನು ಸಾರಿತು. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ. ಖಾಸಗಿ ವಿಮೆಯುಳ್ಳವರೂ ಅದಕ್ಕೆ ಅರ್ಹರು. ಕೇಂದ್ರ ಸರ್ಕಾರದ ನೌಕರರ ಆರೋಗ್ಯ ಯೋಜನೆಯಲ್ಲಿರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಒಳ್ಳೆಯ ಸುದ್ದಿಯ ಬೆನ್ನಿಗೇ ಕೆಟ್ಟ ಜನರೂ ಬರುತ್ತಾರೆ. ಯೋಜನೆಯ ಹೆಸರು ಎಲ್ಲರಿಗೂ ಗೊತ್ತು, ವಿವರ ಯಾರಿಗೂ ಗೊತ್ತಿಲ್ಲ ಎಂಬಂತಹ ಕಾಲವೇ ವಂಚಕರಿಗೆ ಸುಗ್ಗಿ. ನೆನಪಿಡಬೇಕಾದುದು ಮೂರೇ ಮಾತು. ಈ ಕಾರ್ಡಿಗೆ ಹೆಸರು ನೋಂದಾಯಿಸಲು ಶುಲ್ಕವಿಲ್ಲ. ನೋಂದಣಿಯನ್ನು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಅಥವಾ ಸರ್ಕಾರದ ಆಯುಷ್ಮಾನ್ ಆ್ಯಪಿನಲ್ಲಿ ತಾವಾಗಿಯೇ ಮಾಡಿಸಿಕೊಳ್ಳಬೇಕು. ಅಪರಿಚಿತನ ಫೋನಿನ ಮೂಲಕ ಅಲ್ಲ. ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಕಾರ್ಡು ಸಲ್ಲುತ್ತದೆಂಬುದನ್ನು ಮೊದಲೇ ಅಲ್ಲಿನ ಆರೋಗ್ಯ ಮಿತ್ರರಲ್ಲಿ, ಇಲ್ಲವೆ 14555 ಸಂಖ್ಯೆಯಲ್ಲಿ ಕೇಳಿ ತಿಳಿಯಬೇಕು. ಘೋಷಣೆಯಾದ ಮಾತ್ರಕ್ಕೆ ಎಲ್ಲ ಆಸ್ಪತ್ರೆಗಳ ಬಾಗಿಲೂ ತೆರೆದುಕೊಳ್ಳುವುದಿಲ್ಲ.

ಈ ಪಿಡುಗು ನಮ್ಮ ಊರಿಗಷ್ಟೇ ಬಂದದ್ದೆಂದು ನಾಚಬೇಕಾಗಿಲ್ಲ. ಅಮೆರಿಕದಲ್ಲಿ 65 ವರ್ಷ ದಾಟಿದವರಿಗೆ ‘ಮೆಡಿಕೇರ್’ ಎಂಬ ಸರ್ಕಾರಿ ವಿಮೆಯುಂಟು. ಅದರ ಹಳೆಯ ಕಾರ್ಡಿನ ಮೇಲೆ ಜನರ ಸಾಮಾಜಿಕ ಭದ್ರತೆಯ ಸಂಖ್ಯೆಯೇ ಅಚ್ಚಾಗಿರುತ್ತಿತ್ತು. ಆ ಸಂಖ್ಯೆ ಕಳ್ಳರ ಕೈಸೇರದಿರಲೆಂದು 2018ರ ಏಪ್ರಿಲ್‌ನಿಂದ ಸರ್ಕಾರ ಬೇರೊಂದು ಸಂಖ್ಯೆಯ ಹೊಸ ಕಾರ್ಡುಗಳನ್ನು ಅಂಚೆಯಲ್ಲಿ ಉಚಿತವಾಗಿ ಕಳುಹಿಸಿತು. ಕಳ್ಳರು ಸುಮ್ಮನಿದ್ದರೇ? “ಹೊಸ ಕಾರ್ಡಿಗೆ ಹಣ ಕಟ್ಟಿ, ಹಳೆಯ ಸಂಖ್ಯೆಯನ್ನು ಹೇಳಿ” ಎಂದು ಮುದುಕರಿಗೆ ಫೋನು ಮಾಡತೊಡಗಿದರು. ಮೋಸವನ್ನು ತಡೆಯಲು ತಂದ ಕಾರ್ಡೇ ಮೋಸಕ್ಕೆ ನೆಪವಾಯಿತು! ಮಕ್ಕಳನ್ನು ಅಲ್ಲಿ ನೆಲೆಗೊಳಿಸಿ ಇಲ್ಲಿ ಉಳಿದ ತಂದೆತಾಯಿಯರು ನಮ್ಮಲ್ಲಿ ಕಡಮೆಯಿಲ್ಲ. ಎರಡು ದೇಶಗಳ ಹಿರಿಯರಿಗೂ ಬೇಕಾದ ಎಚ್ಚರ ಒಂದೇ.

ಇತ್ತೀಚೆಗೆ ಬಲೆಯ ಹೆಣಿಗೆ ಇನ್ನಷ್ಟು ನಯವಾಗಿದೆ. ‘ಕಾರ್ಡು ಇದರಲ್ಲಿದೆ, ತೆರೆದು ನೋಡಿ’ ಎಂದು ವಾಟ್ಸಾಪಿನಲ್ಲಿ ಕಡತವೊಂದು ಬರುತ್ತದೆ. ಅದರ ಹೆಸರಿನ ಕೊನೆಗೆ ‘ಎಪಿಕೆ’ ಎಂದಿದ್ದರೆ ಅದು ಕಾರ್ಡಲ್ಲ, ಫೋನಿನೊಳಗೆ ಹೊಕ್ಕು ಕೂರುವ ತಂತ್ರಾಂಶ. ಅದಕ್ಕೆ ಅನುಮತಿ ದೊರೆತರೆ ಓಟಿಪಿಯನ್ನು ಯಾರೂ ಕೇಳಬೇಕಾಗಿಲ್ಲ. ಅದೇ ಓದಿ ಕಳ್ಳನಿಗೆ ಮುಟ್ಟಿಸುತ್ತದೆ. ಇನ್ನು ಕೆಲವರು ಗೂಗಲ್ಲಿನಲ್ಲಿ ವಿಮಾ ಕಂಪನಿಯ ಫೋನ್ ಸಂಖ್ಯೆಯನ್ನು ಹುಡುಕಲು ಹೋಗಿ, ಕಳ್ಳರೇ ಹಾಕಿಟ್ಟ ಸಂಖ್ಯೆಗೆ ಕರೆ ಮಾಡಿ, ತಾವಾಗಿಯೇ ಹಳ್ಳಕ್ಕೆ ಬೀಳುತ್ತಾರೆ. ಸಂಖ್ಯೆ ಬೇಕಾದರೆ ಪಾಲಿಸಿಯ ಪತ್ರದ ಮೇಲೆ ಅಚ್ಚಾಗಿರುವುದನ್ನೇ ನಂಬಬೇಕು.

ಈಗ ಮತ್ತೆ ರಾಯರ ಮನೆಗೆ ಬರಬಹುದು. ಹಣ ಹೋದುದು ಹನ್ನೊಂದೂಕಾಲಿಗೆ. ಬ್ಯಾಂಕಿನ ಸಂದೇಶ ಬಂದುದು ಮರುಕ್ಷಣದಲ್ಲಿ. ರಾಯರು ಅದನ್ನು ಓದಿದರು, ಮತ್ತೆ ಓದಿದರು, ಫೋನನ್ನು ದಿಂಬಿನ ಕೆಳಗೆ ಇಟ್ಟರು. ಪತ್ನಿಗೆ ಹೇಳಲಿಲ್ಲ. ಮಧ್ಯಾಹ್ನದ ನಿದ್ದೆ ಬರಲಿಲ್ಲ. ಸಂಜೆ ಉದ್ಯಾನಕ್ಕೆ ಹೋಗಲಿಲ್ಲ. ರಾತ್ರಿ ಎಂಟು ಗಂಟೆಗೆ ಊಟಕ್ಕೆ ಕುಳಿತಾಗ ಸೊಸೆಯೇ ಗಮನಿಸಿದಳು.

“ಮಾವ, ಅನ್ನ ಕಲಸಿಕೊಂಡು ಹಾಗೇ ಕೂತಿದ್ದೀರಲ್ಲ. ಮೈಯಲ್ಲಿ ಹುಷಾರಿಲ್ಲವೇ?”

ಆಗ ರಾಯರ ಕಣ್ಣು ಹನಿಗೂಡಿತು. ಸುಮಾರು ಒಂಬತ್ತು ಗಂಟೆಗಳ ಕಾಲ ಅವರ ಬಾಯಿ ಕಟ್ಟಿದ್ದುದು ಭಯವಲ್ಲ, ನಾಚಿಕೆ. ‘ಇನ್ನು ಮುಂದೆ ನಿಮ್ಮ ಕೈಗೆ ಫೋನು ಬೇಡ, ಬ್ಯಾಂಕಿನ ವ್ಯವಹಾರ ಬೇಡ’ ಎಂದು ಮಗ ಹೇಳಿಬಿಟ್ಟರೆ? ಮನೆಯ ಲೆಕ್ಕವನ್ನು 40 ವರ್ಷ ಬರೆದವರಿಗೆ ಹಣ ಹೋದುದಕ್ಕಿಂತಲೂ ಹಿರಿತನ ಹೋದೀತೆಂಬ ಅಂಜಿಕೆಯೇ ದೊಡ್ಡದು.

ಕಳ್ಳನಿಗೆ ಬೇಕಾದುದೂ ಈ ಮೌನವೇ. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಿರುವಾಗ 1930 ಸಂಖ್ಯೆಗೆ ಕರೆ ಮಾಡಿದರೆ ನಡುದಾರಿಯಲ್ಲಿ ಅದನ್ನು ತಡೆಹಿಡಿಯುವ ಅವಕಾಶವುಂಟು. ಹೊತ್ತು ಕಳೆದಷ್ಟೂ ಆ ಅವಕಾಶ ಕಿರಿದಾಗುತ್ತದೆ. ಬ್ಯಾಂಕಿಗೂ ಅದೇ ಕ್ಷಣದಲ್ಲಿ ತಿಳಿಸಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು: ಗ್ರಾಹಕನು ತಾನೇ ಗುಟ್ಟಿನ ಸಂಖ್ಯೆಯನ್ನು ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ವರದಿ ಮಾಡುವವರೆಗಿನ ನಷ್ಟ ಅವನದು, ವರದಿ ಮಾಡಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ‘ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂಬ ಗಾದೆಯನ್ನು ಇಲ್ಲಿ ನಂಬಬಾರದು. ಕಾರ್ಯ ಇನ್ನೂ ಮಿಂಚಿಲ್ಲವೆಂದೇ ಭಾವಿಸಿ ಫೋನು ಎತ್ತಿಕೊಳ್ಳಬೇಕು. ನೆರವಿಗೆ ಮನೆಯಲ್ಲಿ ಯಾರೂ ಇಲ್ಲದ ಹಿರಿಯರು 14567 ಎಂಬ ಹಿರಿಯ ನಾಗರಿಕರ ಸಹಾಯವಾಣಿಯಲ್ಲಿ ಸಲಹೆ ಕೇಳಬಹುದು.

ಎಲ್ಲ ಮೋಸವೂ ಫೋನಿನಿಂದಲೇ ಬರುವುದಿಲ್ಲ. ನಿಜವಾದ ಕಂಪನಿಯ ಪಾಲಿಸಿಯನ್ನೇ ಸುಳ್ಳು ಹೇಳಿ ಮಾರುವವರುಂಟು. ‘ಎಲ್ಲ ಕಾಯಿಲೆಗೂ ನಾಳೆಯಿಂದಲೇ ಹಣ ಬರುತ್ತದೆ’ ಎಂಬ ಭರವಸೆಯನ್ನು ನಂಬಿ ಸಹಿ ಹಾಕಿದವರಿಗೆ ಆಸ್ಪತ್ರೆಯಲ್ಲಿ ನಿಜ ಗೊತ್ತಾಗುತ್ತದೆ. ಪಾಲಿಸಿಯ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಹಕ್ಕು ಕೊಂಡವರಿಗುಂಟು. ಕಂಪನಿಯೊಡನೆ ವ್ಯಾಜ್ಯ ಹುಟ್ಟಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ನ್ಯಾಯವೆನಿಸದಿದ್ದರೆ, ವಿಮಾ ಓಂಬುಡ್ಸ್‌ಮನ್ನರ ಬಳಿಗೆ ಹೋಗಬಹುದು. ಕರ್ನಾಟಕದ ಓಂಬುಡ್ಸ್‌ಮನ್ನರ ಕಚೇರಿ ದೂರವೇನಿಲ್ಲ, ಜೆ. ಪಿ. ನಗರ ಒಂದನೆಯ ಹಂತದ 24ನೆಯ ಮುಖ್ಯರಸ್ತೆಯಲ್ಲಿ, ಜೀವನ್ ಸೌಧ ಕಟ್ಟಡದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಆ ರಸ್ತೆಯಲ್ಲಿ ದಿನವೂ ತರಕಾರಿಗೆ ಓಡಾಡುವ ಎಷ್ಟೋ ಮಂದಿಗೆ ಅಂತಹದೊಂದು ಬಾಗಿಲು ತಮಗಾಗಿ ತೆರೆದಿದೆಯೆಂಬುದು ತಿಳಿಯದು.

ಇಷ್ಟೆಲ್ಲವನ್ನೂ ಹಿರಿಯರೊಬ್ಬರೇ ತಲೆಯಲ್ಲಿ ಹೊತ್ತು ತಿರುಗಬೇಕೆಂದಲ್ಲ. ಬರುವ ಭಾನುವಾರ ತಿಂಡಿಯಾದ ಮೇಲೆ ಮನೆಯವರು ಒಟ್ಟಿಗೆ ಕುಳಿತು ಒಂದೇ ಒಂದು ಹಾಳೆ ಬರೆಯಲಿ. ವಿಮಾ ಕಂಪನಿಯ ಹೆಸರು, ಪಾಲಿಸಿಯ ಸಂಖ್ಯೆ, ಕಂತಿನ ದಿನಾಂಕ, ಪತ್ರದ ಮೇಲಿನ ಫೋನ್ ಸಂಖ್ಯೆ. ಕೆಳಗೆ ದಪ್ಪಕ್ಷರದಲ್ಲಿ 1930. ಅದನ್ನು ಫೋನಿನ ಪಕ್ಕದ ಗೋಡೆಗೆ ಅಂಟಿಸದೆ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಲಿ. ದಿನದ ಖರ್ಚಿನ ಖಾತೆ ಬೇರೆ, ಚಿಕಿತ್ಸೆಯ ಹಣದ ಖಾತೆ ಬೇರೆ ಇರಲಿ. ಎರಡನೆಯದು ಫೋನಿಗೆ ಜೋಡಣೆಯಾಗದಿರಲಿ. ಅಪರಿಚಿತರ ಕರೆಗೆ ಮನೆಯವರೆಲ್ಲರ ಉತ್ತರವೂ ಒಂದೇ ಇರಲಿ: “ನಮ್ಮವರನ್ನು ಕೇಳಿ, ನಾವೇ ಕಂಪನಿಗೆ ಫೋನು ಮಾಡುತ್ತೇವೆ.” ಹಾಗೆಂದು ಫೋನು ಕೆಳಗಿಡುವುದು ಅಸಭ್ಯತೆಯಲ್ಲ.

ಎಲ್ಲಕ್ಕಿಂತ ಮೇಲಾಗಿ, ಮಕ್ಕಳು ಹಿರಿಯರಿಗೆ ಒಂದು ಮಾತು ಕೊಡಲಿ: “ಏನೇ ಆಗಿರಲಿ, ಮೊದಲು ನಮಗೆ ಹೇಳಿ. ನಾವು ಗದರುವುದಿಲ್ಲ.” ಕೊಟ್ಟ ಮಾತನ್ನು ಉಳಿಸಿಕೊಳ್ಳಲಿ.

ರಾಯರ ಮಗ ಅಂದು ಗದರಲಿಲ್ಲ. ತಂದೆಯ ಪಕ್ಕದಲ್ಲಿ ಕುಳಿತು 1930ಕ್ಕೆ ಕರೆ ಮಾಡಿದ. ನಡೆದುದನ್ನು ರಾಯರ ಬಾಯಿಂದಲೇ ಹೇಳಿಸಿದ. ತಡವಾದುದರಿಂದ ಸ್ವಲ್ಪ ಹಣವಷ್ಟೇ ನಡುದಾರಿಯಲ್ಲಿ ಸಿಕ್ಕಿತು, ಉಳಿದುದು ಹೋಯಿತು. ಮಂಡಿಯ ಚಿಕಿತ್ಸೆಗೆ ವಿಮೆಯಿಂದ ಬರುವುದು ಬರಲಿ, ಸಾಲದುದನ್ನು ತಾನು ಹಾಕುವೆನೆಂದ ಮಗನ ಮಾತಿಗೆ ರಾಯರು ಮರುನುಡಿಯಲಿಲ್ಲ.

ಮರುದಿನ ಬೆಳಗ್ಗೆ ಸೊಸೆ ಬೀರುವನ್ನು ತೆರೆದು, ರೇಷ್ಮೆ ಸೀರೆಗಳ ಕೆಳಗಿನಿಂದ ಪ್ಲಾಸ್ಟಿಕ್ ಲಕೋಟೆಯೊಂದನ್ನು ಹೊರತೆಗೆದಳು. ಅದರೊಳಗೆ ಪಾಲಿಸಿಯ ಪತ್ರವಿತ್ತು, ರಸೀದಿಯಿತ್ತು, ಹಳೆಯ ಕಾರ್ಡೂ ಇತ್ತು. ಪತ್ರದ ಮೇಲಿನ ಸಂಖ್ಯೆಗೆ ಫೋನು ಮಾಡಿ ವಿಚಾರಿಸಿದಾಗ ಕಂಪನಿಯವರು ಹೇಳಿದರು: ಕಾರ್ಡು ಸರಿಯಾಗಿಯೇ ಇದೆ, ಬದಲಾಯಿಸಬೇಕಾದುದು ಏನೂ ಇಲ್ಲ.