ಕಿಸೆಯಲ್ಲಿ ಚಿಲ್ಲರೆ, ಜೊತೆಗೇ ಬೆಂಕಿ!

ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ, ಟಾರ್ಚು-ಚಾರ್ಜರು ರಿಪೇರಿಯ ಒಂದು ಅಂಗಡಿಯ ಮುಂದೆ ನಿಂತಿದ್ದೆವು. ಕಾಲೇಜು ಹುಡುಗನೊಬ್ಬ ಬಂದ. "ಅಣ್ಣಾ, ಆ ಉದ್ದನೇ ಶೆಲ್ಲು ಎರಡು ಕೊಡಿ" ಅಂದ. ಅಂಗಡಿಯವರು ಡಬ್ಬದೊಳಗೆ ಕೈಯಾಡಿಸಿ ನೀಲಿ ಹಾಳೆಯ ಎರಡು ಸೆಲ್ಲು ತೆಗೆದು ಹಾಗೇ ಕೈಗಿಟ್ಟರು. ಒಂದು ತುಂಡು ಕಾಗದವನ್ನೂ ಸುತ್ತಲಿಲ್ಲ. ಕಡಲೆಕಾಯಿ ಕೊಟ್ಟರೂ ಪೊಟ್ಟಣ ಕಟ್ಟಿ ಕೊಡುವ ಊರು ನಮ್ಮದು! ಹುಡುಗ ನೋಟು ಕೊಟ್ಟು ಚಿಲ್ಲರೆ ಇಸಕೊಂಡ. ಚಿಲ್ಲರೆ, ಮನೆ ಬೀಗದ ಕೈ, ಎರಡು ಸೆಲ್ಲು, ಎಲ್ಲವನ್ನೂ ಪ್ಯಾಂಟಿನ ಒಂದೇ ಕಿಸೆಗೆ ತುರುಕಿ ಬಸ್ಸು ಹತ್ತಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಏನಾಯಿತು ಅಂತೀರಾ? ಏನೂ ಆಗಲಿಲ್ಲ. ಬಸ್ಸು ಹೋಯಿತು, ನಾವೂ ಮನೆಗೆ ಬಂದೆವು. ಸಾವಿರ ಸಲ ಏನೂ ಆಗುವುದಿಲ್ಲ. ಆದ್ದರಿಂದಲೇ ಯಾರೂ ತಲೆ ಕೆಡಿಸಿಕೊಂಡಿಲ್ಲ. ಆದರೆ ಆ ಕಿಸೆಯಲ್ಲಿ ಒಂದು ರೂಪಾಯಿಯ ನಾಣ್ಯವೋ ಬೀಗದ ಕೈಯೋ ಸೆಲ್ಲಿನ ತಲೆಗೂ ಮೈಗೂ ಒಟ್ಟಿಗೆ ತಾಗಿದ್ದರೆ, ಇವತ್ತು ಈ ಅಂಕಣದಲ್ಲಿ ಬೇರೆಯೇ ಸುದ್ದಿ ಬರೆಯಬೇಕಾಗುತ್ತಿತ್ತು.

ಅದು ನಮ್ಮ ಹಿರಿಯರ ಮೂರು ಶೆಲ್ಲಿನ ಟಾರ್ಚಿನ ಶೆಲ್ಲಲ್ಲ ಸ್ವಾಮಿ! ಆ ಶೆಲ್ಲು ಒಂದೂವರೆ ವೋಲ್ಟಿನದು. ಶಾರ್ಟ್ ಆದರೆ ಬಿಸಿಯಾಗಿ, ಹೆಚ್ಚೆಂದರೆ ಸೋರಿ ಕೆಡುತ್ತಿತ್ತು. ಇದು ಲಿಥಿಯಂ ಸೆಲ್ಲು. ಇದಕ್ಕೆ 18650 ಎಂದು ಹೆಸರು. 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ, ಕೊನೆಯ ಸೊನ್ನೆ ಅದು ಕೊಳವೆಯಾಕಾರದ್ದು ಎನ್ನುವುದಕ್ಕೆ. ಪೂರ್ತಿ ಚಾರ್ಜಾದಾಗ 4.2 ವೋಲ್ಟು. ವೋಲ್ಟು ಕಡಿಮೆ, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದರೆ ಹತ್ತಾರು ಆಂಪಿಯರು ಕರೆಂಟು ಒಮ್ಮೆಲೇ ಹರಿಯುತ್ತದೆ. ಮನೆಯ ದೀಪದ ಲೈನಿಗೆ ಹಾಕುವ ಎಂಸಿಬಿ ಸಾಮಾನ್ಯವಾಗಿ 6 ಆಂಪಿಯರಿನದು ಎಂಬುದನ್ನು ನೆನಪಿಡಿ. ಮನೆಯಲ್ಲಿ ಆ ಎಂಸಿಬಿ ಬಿದ್ದು ಕಾಪಾಡುತ್ತದೆ. ಕಿಸೆಯಲ್ಲಿ ಬೀಳುವುದಕ್ಕೆ ಏನಿದೆ?

ಇನ್ನೊಂದು ವಿಷಯ ನಮ್ಮ ಅಂಗಡಿಯವರಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಈ ಸೆಲ್ಲಿನ ತಲೆಯ ಗುಂಡಿ ಮಾತ್ರ ಪ್ಲಸ್ಸು. ಉಳಿದ ಮೈಯೆಲ್ಲ, ಭುಜದ ಅಂಚಿನವರೆಗೂ ಮೈನಸ್ಸೇ. ನಡುವೆ ಅಡ್ಡ ಇರುವುದು ಒಂದು ಸಣ್ಣ ಉಂಗುರ ಮತ್ತು ಮೇಲಿನ ತೆಳುವಾದ ಪ್ಲಾಸ್ಟಿಕ್ ಹಾಳೆ. ಆ ಹಾಳೆ ತಲೆಯ ಹತ್ತಿರ ಉಗುರಿನಷ್ಟು ಹರಿದಿದ್ದರೂ ಸಾಕು, ಅದು ಚರ್ಮ ಸುಲಿದ ವೈರಿಗೆ ಸಮ. ಒಳಗೆ ತೆಳ್ಳನೆಯ ಹಾಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ, ಅವುಗಳ ಮಧ್ಯೆ ಪ್ಲಾಸ್ಟಿಕ್ಕಿನ ಪರದೆ, ಅದನ್ನು ತೋಯಿಸಿದ ದ್ರವ. ಆ ದ್ರವ ಹೊತ್ತಿಕೊಳ್ಳುವಂಥದ್ದು. ಕಾವು ಏರಿ ಪರದೆ ಕರಗಿತೆಂದರೆ ಒಳಗೊಳಗೇ ಶಾರ್ಟ್ ಆಗಿ ಇನ್ನಷ್ಟು ಕಾವು, ಅದರಿಂದ ಮತ್ತಷ್ಟು ಶಾರ್ಟ್. ಆಮೇಲೆ ಹೊರಗಿನ ನಾಣ್ಯ ತೆಗೆದು ಬಿಸಾಡಿದರೂ ಅದು ನಿಲ್ಲುವುದಿಲ್ಲ.

ಆ ಹುಡುಗನಿಗೆ ಸೆಲ್ಲು ಯಾತಕ್ಕೆ? ಟಾರ್ಚಿಗಿರಬಹುದು, ಎಮರ್ಜೆನ್ಸಿ ಲೈಟಿಗಿರಬಹುದು. ಅಂಗಡಿಯವರು ಮಾತ್ರ ನಕ್ಕು "ಹೊಗೆ ಮೆಷಿನ್ನಿಗೆ ಸಾರ್" ಅಂದರು. ಅಂದರೆ ವೇಪ್, ಇ-ಸಿಗರೇಟು. ನಮ್ಮ ರಾಜ್ಯದಲ್ಲಿ 2016ರ ಜೂನ್‌ನಲ್ಲೇ ಇದರ ಮಾರಾಟಕ್ಕೆ ನಿಷೇಧ ಬಂತು. 2019ರಲ್ಲಿ ಕೇಂದ್ರವೇ ಕಾಯಿದೆ ಮಾಡಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗೋಡೌನಿನಲ್ಲಿ ದಾಸ್ತಾನಿಟ್ಟರೂ ಆರು ತಿಂಗಳವರೆಗೆ ಜೈಲು ಅಥವಾ ಐವತ್ತು ಸಾವಿರದವರೆಗೆ ದಂಡ ಬೀಳಬಹುದು. "ನಾವು ಇಟ್ಟಿದ್ದೀವಿ ಅಷ್ಟೆ, ಮಾರಿಲ್ಲ" ಎಂಬ ಮಾತು ನಡೆಯುವುದಿಲ್ಲ ಎಂದು ವರ್ತಕ ಮಿತ್ರರು ತಿಳಿದಿರಲಿ.

ಕಾಯಿದೆ ಬಂತು, ಒಳ್ಳೆಯದೇ. ಆದರೆ ಮೆಷಿನ್ನು ಊರಿಂದ ಹೋಯಿತೇ? ಕದ್ದುಮುಚ್ಚಿ ಬರುವ ಸರಕಿನ ಜೊತೆಗೆ ಬಳಕೆಯ ಪುಸ್ತಕ ಬರುವುದಿಲ್ಲ, ತಿಳಿದವರು ನಿಂತು ಹೇಳಿಕೊಡುವುದಿಲ್ಲ. ಹುಡುಗ ಅಪ್ಪನನ್ನು ಕೇಳುವಂತಿಲ್ಲ, ಮೇಷ್ಟರನ್ನೂ ಕೇಳುವಂತಿಲ್ಲ. ಕೇಳುವುದು ತನ್ನಷ್ಟೇ ತಿಳಿದ ಇನ್ನೊಬ್ಬ ಹುಡುಗನನ್ನು! ನಿಕೋಟಿನ್ ಕೆಟ್ಟದ್ದು, ಚಟ ಬೇಡ, ಅದನ್ನು ಬಿಡುವುದೇ ಒಳ್ಳೆಯದು ಎಂದು ನಾವೂ ಹೇಳುತ್ತೇವೆ. ಆದರೆ ಬೈದು ಸುಮ್ಮನಾದರೆ ಅವನ ತೊಡೆ ಸುಡುವುದು ತಪ್ಪುವುದಿಲ್ಲ. ಆದ್ದರಿಂದ ಗೊತ್ತಿರುವುದನ್ನು ಬಿಚ್ಚಿ ಹೇಳಿಬಿಡುತ್ತೇವೆ.

ಈ ಮೆಷಿನ್ನಿನಲ್ಲಿ ಕೈಯಾರೆ ಕಾಯಿಲ್ ಸುತ್ತಿ ಕೂರಿಸುವ ಒಂದು ಜಾತಿ ಇದೆ. ಕರೆಂಟ್ ಒಲೆಯಲ್ಲಿ ಕೆಂಪಗಾಗುತ್ತದಲ್ಲ, ಅದೇ ಬಗೆಯ ತಂತಿ, ನಿಕ್ರೋಮ್ ಅಥವಾ ಕಾಂತಾಲ್. ಕೆಲವು ಮೆಷಿನ್ನಿನಲ್ಲಿ ಕರೆಂಟು ಹೆಚ್ಚಾದರೆ ತಾನೇ ಕಡಿಯುವ ಎಲೆಕ್ಟ್ರಾನಿಕ್ ಬೋರ್ಡು ಇರುತ್ತದೆ. ಇನ್ನು ಕೆಲವು ಬರೀ ಲೋಹದ ಕೊಳವೆ, ಒಂದು ಗುಂಡಿ, ಒಳಗೆ ಸೆಲ್ಲು. ಫ್ಯೂಸೂ ಇಲ್ಲ, ಬೋರ್ಡೂ ಇಲ್ಲ. ಕಲಿಯುವವನ ಕೈಗೆ ಇಂಥದ್ದನ್ನು ಕೊಡುವುದು, ಸೈಕಲ್ ಬಾರದವನಿಗೆ ಬ್ರೇಕಿಲ್ಲದ ಲಾರಿ ಕೊಟ್ಟಂತೆ.

ಹೈಸ್ಕೂಲಿನಲ್ಲಿ ಓಂನ ನಿಯಮ ಓದಿಲ್ಲವೇ? ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರು. ಅರ್ಧ ಓಮಿನ ಕಾಯಿಲಿಗೆ 4.2 ವೋಲ್ಟು ಕೊಟ್ಟರೆ 8.4 ಆಂಪಿಯರು. 0.2 ಓಮಿಗೆ 21. 0.1 ಓಮಿಗೆ 42! ಹೊಗೆ ಹೆಚ್ಚು ಬರಲಿ ಎಂದು ಹುಡುಗರು ಓಮು ಇಳಿಸುತ್ತಾ ಹೋಗುತ್ತಾರೆ. 0.4ರ ಒಂದು ಕಾಯಿಲಿನ ಪಕ್ಕ ಅಂಥದ್ದೇ ಇನ್ನೊಂದು ಕೂರಿಸಿದರೆ ಓಮು ಅರ್ಧವಾಗುತ್ತದೆ, ಕರೆಂಟು ಎರಡು ಪಟ್ಟಾಗುತ್ತದೆ ಎಂಬುದು ಹೊಸಬನಿಗೆ ಹೊಳೆಯುವುದಿಲ್ಲ. ಹಾಕುವ ಸೆಲ್ಲಾದರೂ ಯಾವುದು? ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದದ್ದು! ಅವುಗಳಲ್ಲಿ ಬಹುಪಾಲು ಐದು-ಹತ್ತು ಆಂಪಿಯರಿನ ಒಳಗೆ ದುಡಿಯಲು ಮಾಡಿದವು. ಎತ್ತಿಗೆ ಲಾರಿಯ ಹೊರೆ ಕಟ್ಟಿದರೆ ಎತ್ತು ಮಲಗುತ್ತದೆ, ಈ ಸೆಲ್ಲು ಮಲಗುವುದಿಲ್ಲ, ಸಿಡಿಯುತ್ತದೆ. ಅದಲ್ಲದೆ ಸ್ಕ್ರೂ ಸಡಿಲವಾಗಿದ್ದರೆ, ಕಾಯಿಲಿನ ಕಾಲು ಪಕ್ಕದ ಲೋಹಕ್ಕೆ ತಾಗಿದ್ದರೆ, ಲೆಕ್ಕ ಸರಿಯಿದ್ದೂ ಶಾರ್ಟೇ. ಓಮು ಅಳೆಯದೆ ಗುಂಡಿ ಒತ್ತಬಾರದು. ಸಾದಾ ಮಲ್ಟಿಮೀಟರು ಇಷ್ಟು ಸಣ್ಣ ಓಮನ್ನು ಸರಿಯಾಗಿ ತೋರಿಸುವುದಿಲ್ಲ, ಅದಕ್ಕೆಂದೇ ಬೇರೆ ಮೀಟರು ಬೇಕು.

ಹೊರದೇಶದ ಕಥೆ ನಮಗ್ಯಾಕೆ ಅನ್ನಬೇಡಿ. ಅಮೆರಿಕದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಊರಲ್ಲಿ 2018ರ ಮೇ ತಿಂಗಳಲ್ಲಿ ಮೆಷಿನ್ನು ಸಿಡಿದು, ಅದರ ಚೂರು ತಲೆಗೆ ಹೊಕ್ಕು ಒಬ್ಬರು ಸತ್ತರು. 2019ರ ಜನವರಿಯಲ್ಲಿ ಟೆಕ್ಸಾಸಿನ ಫೋರ್ಟ್‌ವರ್ತ್‌ನಲ್ಲಿ ಇನ್ನೊಬ್ಬ ಯುವಕನ ಕತ್ತಿನ ರಕ್ತನಾಳ ಕತ್ತರಿಸಿ ಜೀವ ಹೋಯಿತು. 2015ರಿಂದ 2017ರವರೆಗೆ ಇಂಥ ಸ್ಫೋಟ, ಸುಟ್ಟಗಾಯಗಳಿಂದ ಆ ದೇಶದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಬಂದರೆಂದು ಸಂಶೋಧಕರು ಅಂದಾಜು ಕಟ್ಟಿದ್ದಾರೆ. 2021ರ ಜನವರಿಯಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಬಿಡಿ 18650 ಸೆಲ್ಲನ್ನು ಕೊಳ್ಳಲೂ ಬೇಡಿ, ಬಳಸಲೂ ಬೇಡಿ ಎಂದು ಜನರಿಗೆ ನೇರವಾಗಿ ಹೇಳಿತು. ಕಾರಣ ಬರೀ ವೇಪ್ ಅಲ್ಲ. ಟಾರ್ಚು, ಸಣ್ಣ ಫ್ಯಾನು, ಆಟಿಕೆಗಳಿಗೂ ಜನ ಇದೇ ಬಿಡಿ ಸೆಲ್ಲು ಹಾಕುತ್ತಾರೆ. ನಮ್ಮೂರಲ್ಲೂ ಅಷ್ಟೆ ತಾನೆ?

ಈಗ ಅಂಗಡಿಯವರಿಗೆ ಎರಡು ಮಾತು, ಸಿಟ್ಟಾಗಬೇಡಿ. ನಿಮ್ಮ ಗಲ್ಲೆಯ ಪಕ್ಕದ ಡಬ್ಬದಲ್ಲಿ "9900" ಎಂದು ಬರೆದ ಸೆಲ್ಲುಗಳಿವೆ. ಈ ಅಳತೆಯ ಸೆಲ್ಲಿನಲ್ಲಿ ಒಳ್ಳೆಯ ಕಂಪೆನಿಯದಕ್ಕೇ 3500ರ ಆಸುಪಾಸು ಹಿಡಿಯುವುದು ಹೆಚ್ಚು. ಹಾಗಾದರೆ 9900 ಎಲ್ಲಿಂದ ಬಂತು? ಒಂದು ಸೇರಿನ ಅಳತೆಯಲ್ಲಿ ಮೂರು ಸೇರು ಅಕ್ಕಿ ಅಳೆದು ಕೊಡುತ್ತೇನೆ ಅಂದರೆ ನೀವು ನಂಬುತ್ತೀರಾ? ಅಂಕಿಯೇ ಸುಳ್ಳಾದರೆ ಒಳಗಿನ ಮಾಲು ಹೇಗಿದ್ದೀತು! ಹಳೆಯ ಸೆಲ್ಲಿಗೆ ಹೊಸ ಹಾಳೆ ಸುತ್ತಿ ಬರುವ ಮಾಲೂ ಇದೆ. ನಮ್ಮ ದೇಶದಲ್ಲಿ ಇಂಥ ಸೆಲ್ಲುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ತರಿಸುವಾಗಲೇ ಆ ಗುರುತು ಮತ್ತು ಆರ್ ಅಕ್ಷರದ ಸಂಖ್ಯೆ ನೋಡಿ ತರಿಸಿ. ಹಾಳೆ ಹರಿದದ್ದು, ತಗ್ಗಾದದ್ದು, ಉಬ್ಬಿದ್ದು ಇದ್ದರೆ ಅರ್ಧ ಬೆಲೆಗೂ ಕೊಡಬೇಡಿ. ಕೊಡುವುದಿದ್ದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಡಿ. ಡಬ್ಬಿ ಇಲ್ಲದಿದ್ದರೆ ಎರಡೂ ತುದಿಗೆ ಇನ್ಸುಲೇಷನ್ ಟೇಪು ಅಂಟಿಸಿ, ಅದಕ್ಕೆಷ್ಟು ಖರ್ಚಾದೀತು?

ಬಸ್ಸಿನಲ್ಲಿ ಹೋಗುವ ಮಿತ್ರರೇ, ಬಿಡಿ ಸೆಲ್ಲು ಕಿಸೆಯಲ್ಲಿ ಬೇಡ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕುಗಳನ್ನು ಕೆಳಗಿನ ಲಗೇಜಿಗೆ ಹಾಕಲು ಬಿಡುವುದೇ ಇಲ್ಲ. ನಮ್ಮ ಬಸ್ಸಿಗೆ ಅಂಥ ತಪಾಸಣೆಯಿಲ್ಲ, ತಲೆ ಮೇಲಿನ ರ‍್ಯಾಕಿನಲ್ಲಿ ಚೀಲದ ಮೇಲೆ ಚೀಲ. ಕಿಸೆ ಬಿಸಿಯಾಯಿತು, ಹೊಗೆ ಬಂತು ಅಂದರೆ ಕೈ ಹಾಕಿ ತೆಗೆಯಲು ಹೋಗಬೇಡಿ, ಕೈಯೂ ಹೋಗುತ್ತದೆ. ನಾಚಿಕೆ ಬಿಟ್ಟು ಪ್ಯಾಂಟೇ ಕಳಚಿ. ಸುಟ್ಟ ಜಾಗಕ್ಕೆ ಧಾರಾಳವಾಗಿ ತಣ್ಣೀರು ಹರಿಸಿ. ಟೂತ್‌ಪೇಸ್ಟು, ಶಾಯಿ, ಅರಿಶಿನ ಬಳಿಯಬೇಡಿ. ಆಸ್ಪತ್ರೆಯಲ್ಲಿ "ಬ್ಯಾಟರಿ ಸಿಡಿದದ್ದು" ಎಂದು ಮರೆಮಾಚದೆ ಹೇಳಿ. ಬೆಂಕಿಯ ಗಾಯದ ಜೊತೆಗೆ ರಾಸಾಯನಿಕದ ಗಾಯವೂ ಇರುತ್ತದೆ, ಡಾಕ್ಟರಿಗೆ ಅದು ಗೊತ್ತಾಗಬೇಕು. ಮನೆಯಲ್ಲಿ ರಾತ್ರಿಯಿಡೀ ಹಾಸಿಗೆಯ ಮೇಲೆ ಚಾರ್ಜಿಗಿಟ್ಟು ಮಲಗುವ ಅಭ್ಯಾಸವನ್ನೂ ಬಿಟ್ಟರೆ ಚೆನ್ನ.

ಇನ್ನು ನಗರಸಭೆ. ಸತ್ತ ಸೆಲ್ಲನ್ನು ಎಲ್ಲಿಗೆ ಹಾಕಬೇಕು? ನಮಗಂತೂ ಒಂದು ಡಬ್ಬಿ ಎಲ್ಲೂ ಕಾಣಲಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸು ಸಂಗ್ರಹಿಸುವ ಹೊಣೆ ತಯಾರಕರದ್ದು, ಮನೆ ಕಸದ ಜೊತೆ ಬೆರೆಸುವಂತಿಲ್ಲ. ಪುಸ್ತಕದಲ್ಲಿದೆ, ಬೀದಿಯಲ್ಲಿಲ್ಲ. ಕಸದ ಲಾರಿಯಲ್ಲಿ ಅದುಮಿ ಒತ್ತುವಾಗ ಇದು ಹೊತ್ತಿಕೊಂಡರೆ ಸುಡುವುದು ಪೌರಕಾರ್ಮಿಕರ ಕೈ. ಬಸ್ ಸ್ಟ್ಯಾಂಡಿನಲ್ಲೊಂದು, ಸಂತೆ ಮೈದಾನದಲ್ಲೊಂದು ಪೆಟ್ಟಿಗೆ ಇಡಿಸಲು ವರ್ತಕರ ಸಂಘವೇ ಮುಂದೆ ಬಂದು ಒಂದು ಅರ್ಜಿ ಕೊಟ್ಟರೆ ಏನು ನಷ್ಟ?

ಬರೆಯುವ ಮುಂಚೆ ನಿನ್ನೆ ಮತ್ತೆ ಅದೇ ಅಂಗಡಿಗೆ ಹೋಗಿ ಇದನ್ನೆಲ್ಲ ಹೇಳಿದೆವು. ಅಂಗಡಿಯವರು ಮೊದಲು ನಕ್ಕರು. ಆಮೇಲೆ ಡಬ್ಬವನ್ನು ಗಾಜಿನ ಮೇಲೆ ಸುರುವಿ ಒಂದೊಂದೇ ತಿರುಗಿಸಿ ನೋಡಿದರು. ಹಾಳೆ ಹರಿದವು ನಾಲ್ಕು ಸಿಕ್ಕವು. "ಇವನ್ನೇನು ಮಾಡ್ಲಿ ಸಾರ್?" ಅಂತ ಕೇಳಿದರು. ತುದಿಗೆ ಟೇಪು ಅಂಟಿಸಿ ಬೇರೆ ಇಡಿ ಅಂದೆವು. ಇಟ್ಟುಕೊಂಡಿದ್ದಾರೆ. ಎಲ್ಲಿಗೆ ತಲುಪಿಸಬೇಕೆಂದು ನಗರಸಭೆಯವರು ಹೇಳಲಿ, ಈ ಅಂಕಣದಲ್ಲೇ ಅಚ್ಚು ಹಾಕುತ್ತೇವೆ.