ಮಗುವಿನ ಹೆಸರಿನಲ್ಲಿ

ಒಂದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಪುತ್ತೂರಿನಲ್ಲಿ ಹಾಲ್ ಬುಕ್ ಮಾಡಿದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಅದೇ ಮಗುವನ್ನು ಎರಡು ರಾತ್ರಿ ಅಜ್ಜಿಯ ಕೈಗೆ ಕೊಟ್ಟು ಅಪ್ಪ ಅಮ್ಮ ಮಡಿಕೇರಿಯ ಹೋಂಸ್ಟೇಗೆ ಹೋಗಿಬಂದರೆ ಸುದ್ದಿ ಅವರಿಗಿಂತ ಮೊದಲೇ ಸುಳ್ಯ ಮುಟ್ಟಿರುತ್ತದೆ. "ಮಗು ಬಿಟ್ಟು ಹೋಗ್ಲಿಕ್ಕೆ ಹೇಗೆ ಮನಸ್ಸು ಬಂತು ಮಾರಾಯ್ತಿ ನಿಂಗೆ?" ಎಂಬ ಪ್ರಶ್ನೆ ತಾಯಿಯೊಬ್ಬಳ ಪಾಲಿಗೇ ಬರುವುದು. ಪಕ್ಕದಲ್ಲಿ ಕೂತು ಕಾರು ಓಡಿಸಿದವನನ್ನು ಸಂಪಾಜೆ ಘಾಟಿಯ ರಸ್ತೆ ಈಗ ಹೇಗಿದೆ ಎಂದಷ್ಟೇ ಕೇಳುತ್ತಾರೆ. ಪಾರ್ಟಿ ಮಗುವಿಗಾಗಿ ಮಾಡಿದ್ದು, ಪ್ರವಾಸ ತಮಗಾಗಿ ಮಾಡಿಕೊಂಡದ್ದು ಎಂಬ ಲೆಕ್ಕ ಇದರ ಹಿಂದಿದೆ. ಈ ಲೆಕ್ಕವೇ ತಪ್ಪು ಎಂದು ನನ್ನ ವಾದ. ಎರಡೂ ದೊಡ್ಡವರಿಗಾಗಿಯೇ ನಡೆಯುವಂಥವು. ಎರಡರಲ್ಲಿ ಮಗುವನ್ನು ಹೆಚ್ಚು ದಣಿಸುವುದು ಪಾರ್ಟಿ.

ಪಾರ್ಟಿಯ ಕ್ರಮ ಈಗ ಮದುವೆಯ ಕ್ರಮದಷ್ಟೇ ಗಟ್ಟಿಯಾಗಿದೆ. ಆಮಂತ್ರಣ ವಾಟ್ಸ್ಆ್ಯಪಿನಲ್ಲಿ, ಮಗುವೇ ಬರೆದ ಹಾಗೆ: ನನಗೆ ವರ್ಷ ತುಂಬಿತು, ಎಲ್ಲರೂ ಬನ್ನಿ. ಕೆಳಗೆ 'ಆಶೀರ್ವಾದವೇ ಉಡುಗೊರೆ'. ಸಮಯ ಸಂಜೆ 6.30. ಈವೆಂಟಿನವರು ಮಧ್ಯಾಹ್ನವೇ ಪಿಕಪ್‌ನಲ್ಲಿ ಬಂದು ಬಲೂನಿನ ಕಮಾನು ಕಟ್ಟಿ, ಬಾಗಿಲಲ್ಲಿ ಮಗುವಿನ ಕಟೌಟ್ ನಿಲ್ಲಿಸಿರುತ್ತಾರೆ. ಕಟೌಟು ಮಗುವಿಗಿಂತ ಎರಡು ಪಟ್ಟು ಎತ್ತರ. ಏಳು ಗಂಟೆಗೆ ಮಗುವಿಗೆ ನಿದ್ದೆಯ ಹೊತ್ತು. ಆದರೆ ಬೆಂಗಳೂರಿನಿಂದ ಹೊರಟ ಮಾಮ ಶಿರಾಡಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡಿದ್ದಾನೆ, ಅವನು ಬಾರದೆ ಕೇಕ್ ಕತ್ತರಿಸುವಂತಿಲ್ಲ. ಅವನು ಬಂದು ಮುಟ್ಟುವಾಗ ಎಂಟೂಕಾಲು. ಮಗು ಅಪ್ಪನ ಹೆಗಲ ಮೇಲೆ ನಿದ್ದೆಹೋಗಿದೆ. ದೊಡ್ಡಮ್ಮ ಒದ್ದೆ ಕೈಯಲ್ಲಿ ಮುಖ ಒರೆಸಿ ಎಬ್ಬಿಸುತ್ತಾಳೆ. ಲೈಟು ಆರುತ್ತದೆ, ಹೊಗೆಯ ಯಂತ್ರ ಬುಸುಗುಟ್ಟುತ್ತದೆ, ಎರಡೂ ಬದಿಯಲ್ಲಿ ಕಿಡಿಯ ಕಾರಂಜಿ ಏಳುತ್ತದೆ, ತಲೆಯ ಮೇಲಿನ ದೊಡ್ಡ ಬಲೂನು ಢಮ್ಮೆಂದು ಒಡೆದು ಚಮಕಿ ಉದುರುತ್ತದೆ. ಮಗು ಕಿರುಚಿ ಅಮ್ಮನ ಕುತ್ತಿಗೆಗೆ ಜೋತುಬೀಳುತ್ತದೆ. "ಬರ್ತ್‌ಡೇ ಬೇಬಿಗೆ ಸ್ವಲ್ಪ ನಾಚಿಕೆ" ಎನ್ನುತ್ತಾನೆ ಮೈಕಿನವನು. ಚಾಕು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಎನ್ನುತ್ತಾನೆ ಕ್ಯಾಮರಾದವನು. ಬಾಯಿಗಿಟ್ಟ ಕ್ರೀಮನ್ನು ಮಗು ನಾಲಗೆಯಿಂದ ಹೊರಗೆ ದಬ್ಬುತ್ತದೆ. ಆಮೇಲೆ ಒಂದು ಗಂಟೆ ಕಾಲ ಸ್ಟೇಜಿನಲ್ಲಿ ಫೋಟೊ. ಮಗುವನ್ನು ನಗಿಸಲು ಕ್ಯಾಮರಾದ ಹಿಂದೆ ನಿಂತ ಚಿಕ್ಕಮ್ಮ ಗಿಲಕಿ ಅಲ್ಲಾಡಿಸುತ್ತಾ ಸುಸ್ತಾಗಿರುತ್ತಾಳೆ. ಅಷ್ಟರಲ್ಲಿ ಕೆಳಗೆ ನೀರ್‌ದೋಸೆ, ಚಿಕನ್ ಸುಕ್ಕ, ಘೀ ರೈಸು ಭರ್ಜರಿಯಾಗಿ ನಡೆದಿರುತ್ತದೆ. ಊಟ ಚೆನ್ನಾಗಿಯೇ ಇರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ಥೀಮಿನ ವಿಷಯಕ್ಕೆ ಬಂದರೆ, ಮಿಕ್ಕಿ ಮೌಸು, ಕೊಕೊಮೆಲನ್‌ಗಳ ಜೊತೆಗೆ ಈಗ ಜಂಗಲ್ ಸಫಾರಿಗೂ ಬೇಡಿಕೆಯಿದೆ. ಪ್ಲಾಸ್ಟಿಕ್ ಎಲೆ, ಥರ್ಮಾಕೋಲಿನ ಜಿರಾಫೆ, ಗಾಳಿ ತುಂಬಿದ ನೀಲಿ ಆನೆ. ಇದು ಬೇರೆಲ್ಲಿಯಾದರೂ ನಡೆದರೆ ಹೋಗಲಿ ಅನ್ನಬಹುದಿತ್ತು. ನಮ್ಮದು ನಿಜದ ಆನೆ ತೋಟಕ್ಕೇ ಬರುವ ಕಡೆ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಗ್ಗೆ ಆನೆಯ ದಾಳಿಗೆ ಇಬ್ಬರು ಸತ್ತರು. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಳ್ಯದ ಅಜ್ಜಾವರದಲ್ಲಿ ತೋಟದ ಕೆರೆಗೆ ಮರಿಗಳೂ ಸೇರಿ ನಾಲ್ಕು ಆನೆ ಬಿದ್ದು, ಅರಣ್ಯ ಇಲಾಖೆಯವರೂ ಊರವರೂ ದಂಡೆ ಅಗೆದು ದಾರಿ ಮಾಡಿ ಹತ್ತಿಸಿದರು. ಬಾಳೆ, ಅಡಿಕೆ ಮುರಿದುಹಾಕಿದ ಆನೆಯ ಹೆಜ್ಜೆಯಲ್ಲಿ ನೀರು ನಿಂತದ್ದನ್ನು ನೋಡಿಕೊಂಡು ಬೆಳೆಯುವ ಮಕ್ಕಳ ಊರಿಗೆ ಕಾಡು ಬಾಡಿಗೆ ಪಿಕಪ್‌ನಲ್ಲಿ ಬರುತ್ತದೆ, ಅದರಲ್ಲಿ ಜಿರಾಫೆಯೂ ಇರುತ್ತದೆ! ಮಗು ಏನನ್ನು ಮೆಚ್ಚುತ್ತದೆ ಎಂದು ಇಲ್ಲಿ ಯಾರೂ ನೋಡಿಲ್ಲ. ಯಾವುದರ ಫೋಟೊ ಚೆನ್ನಾಗಿ ಬರುತ್ತದೆ ಎಂದು ನೋಡಿದ್ದಾರೆ. ಮಗುವಿಗೆ ಏನು ಬೇಕು ಎಂದು ತಲೆಕೆಡಿಸಿಕೊಂಡ ಒಬ್ಬರು ಇದೇ ಪುತ್ತೂರಿನಲ್ಲಿ ಇದ್ದರು. ಶಿವರಾಮ ಕಾರಂತರು ಪರ್ಲಡ್ಕದ ಬಾಲವನದಲ್ಲಿ ಮಕ್ಕಳನ್ನು ಕುಣಿಸಿದರು, ನಾಟಕ ಆಡಿಸಿದರು, 1936ರ ಹೊತ್ತಿಗೇ ಅವರಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದರು. ಅಲ್ಲಿ ಮಗು ಮಾಡುವ ಕಡೆಯಲ್ಲಿತ್ತು. ಬಲೂನಿನ ಕಮಾನಿನ ಕೆಳಗೆ ಅದು ನೋಡಿಸಿಕೊಳ್ಳುವ ಕಡೆಯಲ್ಲಿದೆ.

ಹಾಗೆಂದು ಮೊದಲ ಹುಟ್ಟುಹಬ್ಬವೇ ಬೇಡ ಎಂದು ನಾನು ಹೇಳಲಾರೆ. ಅದಕ್ಕೊಂದು ಭಾರಿ ಕಾರಣ ಇತ್ತು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ದೇಶದ ಲೆಕ್ಕ 28, ಕರ್ನಾಟಕದ್ದು 19. ಎಂಟರಲ್ಲೊಂದು ಮಗು ಹೋಗುತ್ತಿದ್ದ ಕಾಲದಲ್ಲಿ ಹನ್ನೆರಡು ತಿಂಗಳು ದಾಟಿದ್ದೇ ಒಂದು ಗೆಲುವು. ಅದಕ್ಕೇ ಅಬ್ದಪೂರ್ತಿ, ಆಯುಷ್ಯಹೋಮ; ಅದಕ್ಕೇ ಸುಬ್ರಹ್ಮಣ್ಯದಲ್ಲೋ ಧರ್ಮಸ್ಥಳದಲ್ಲೋ ಹೇಳಿಕೊಂಡ ತುಲಾಭಾರ, ಒಂದು ತಟ್ಟೆಯಲ್ಲಿ ಬೆಲ್ಲ ಅಥವಾ ಬಾಳೆಹಣ್ಣು, ಇನ್ನೊಂದರಲ್ಲಿ ಕೂಗುವ ಮಗು. ಹೌದು, ಆಗಲೂ ಮಗು ಕೂಗುತ್ತಿತ್ತು. ಆದರೆ ಅದು ದೊಡ್ಡವರು ತಮ್ಮ ಹೆದರಿಕೆ ಇಳಿಸಿಕೊಳ್ಳುವ ಕಾರ್ಯ ಎಂಬುದು ಎಲ್ಲರಿಗೂ ಗೊತ್ತಿತ್ತು. ಹರಕೆ ಹೊತ್ತವರು ನಾವು, ತೀರಿಸುವವರೂ ನಾವು. ಮಗುವಿನ ಖುಷಿಗೆ ಎಂದು ಯಾರೂ ಹೇಳುತ್ತಿರಲಿಲ್ಲ.

ಆಮೇಲಿನ ಹುಟ್ಟುಹಬ್ಬಗಳನ್ನು ಕೇಳುವವರೇ ಇರಲಿಲ್ಲ. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಮಂದಿಗೆ ತಾವು ಹುಟ್ಟಿದ್ದು ಮಾರಿಬೊಳ್ಳ ಬಂದು ಎಷ್ಟು ವರ್ಷಕ್ಕೆ ಎಂಬ ಲೆಕ್ಕ ಮಾತ್ರ ಗೊತ್ತಿತ್ತು. ನೇತ್ರಾವತಿ ಉಕ್ಕಿದ ಆ ವರ್ಷ 1923. ಅವರ ಮಕ್ಕಳು ಶಾಲೆಗೆ ಸೇರುವಾಗ ಮಾಸ್ತರರು ಕಣ್ಣಂದಾಜಿನಲ್ಲಿ ಜೂನ್ 1 ಎಂದು ಬರೆದುಕೊಂಡರು. ಇವತ್ತು ನಿವೃತ್ತರಾದ ಆ ತಲೆಮಾರಿನವರಿಗೆ ಪ್ರತಿ ಜೂನ್ 1ಕ್ಕೆ ಮೊಮ್ಮಕ್ಕಳಿಂದ ಸಾಲುಸಾಲು ಶುಭಾಶಯ ಬರುತ್ತದೆ. ಅದು ಶಾಲೆ ಬಾಗಿಲು ತೆಗೆದ ದಿನ ಎಂದು ಹೇಳಿಕೊಂಡು ಯಾಕೆ ಬೇಸರ ಮಾಡಿಸುವುದೆಂದು ಅವರು ಸುಮ್ಮನೆ ಕೈಮುಗಿಯುವ ಚಿತ್ರ ಕಳಿಸುತ್ತಾರೆ.

ಮಗುವಿಗೆ ನೆನಪುಳಿಯಲಿ ಎಂದು ಮಾಡಿದ್ದು ಅನ್ನುವವರಿದ್ದಾರೆ. ಉಳಿಯುವುದಿಲ್ಲ. ದೊಡ್ಡವರಾದ ಮೇಲೆ ನಮಗೆ ನೆನಪಾಗುವ ಅತಿ ಹಳೆಯ ಸಂಗತಿ ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಆಚೀಚಿನದು. ಅದಕ್ಕಿಂತ ಹಿಂದಿನದು ಅಳಿಸಿಹೋಗುವುದನ್ನು ಮನಶ್ಶಾಸ್ತ್ರದವರು ನೂರು ವರ್ಷಕ್ಕೂ ಮಿಕ್ಕಿ ಗಮನಿಸುತ್ತಾ ಬಂದಿದ್ದಾರೆ. ಉಳಿಯುವುದು ಆಲ್ಬಮ್ಮು. ಆಲ್ಬಮ್ ನೋಡುವವರು ಯಾರು ಎಂದು ಕೇಳಿದರೆ ಪಾರ್ಟಿ ಯಾರದ್ದು ಎಂಬುದಕ್ಕೂ ಉತ್ತರ ಸಿಕ್ಕಿತು. ಸಿಕ್ಕ ಮೇಲೆ ನಾಚಿಕೆಪಡಬೇಕಾದ್ದೇನೂ ಇಲ್ಲ. ವರ್ಷವಿಡೀ ನಿದ್ದೆಗೆಟ್ಟವರು ನಾವು, ನಾಲ್ಕು ಜನರನ್ನು ಕರೆದು ಊಟ ಹಾಕುತ್ತೇವೆ ಎಂದು ನೇರವಾಗಿ ಹೇಳಿ, ಮಗುವನ್ನು ಏಳು ಗಂಟೆಗೆ ಒಳಕೋಣೆಯಲ್ಲಿ ಮಲಗಿಸಿಬಿಡಬಹುದು. ಮಾಮ ತಡವಾಗಿ ಬಂದರೆ ಮಲಗಿದ ಮಗುವನ್ನು ನೋಡಿಕೊಂಡು ಹೋಗಲಿ.

ಇನ್ನು ಬಿಟ್ಟುಹೋಗುವ ಮಾತು. ಎಂಟು ತಿಂಗಳಿಂದ ಆಚೆಗೆ ಮಗು ಅಮ್ಮ ಕಣ್ಮರೆಯಾದರೆ ಕೂಗುತ್ತದೆ, ಒಂದೂವರೆ ವರ್ಷದವರೆಗೂ ಅದು ಜೋರಾಗಿಯೇ ಇರುತ್ತದೆ; ಇದನ್ನು ಅಲ್ಲಗಳೆಯುವಂತಿಲ್ಲ. ಈ ವಿಷಯದಲ್ಲಿ ಬ್ರಿಟನ್ನಿನ ಜೇಮ್ಸ್ ರಾಬರ್ಟ್‌ಸನ್ ಮಾಡಿದ ಕೆಲಸ ನೆನಪಿಡುವಂಥದ್ದು. 1952ರಲ್ಲಿ ಅವರು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರ ತೆಗೆದರು. ತಾಯಿಯನ್ನು ಜೊತೆಗಿರಲು ಬಿಡದ ಆ ಕಾಲದ ಆಸ್ಪತ್ರೆಯಲ್ಲಿ ಮಗು ಒಳಗೊಳಗೇ ಕುಗ್ಗಿದ್ದು ಅದರಲ್ಲಿ ಕಂಡಿತು, ಮುಂದೆ ಆಸ್ಪತ್ರೆಗಳ ನಿಯಮ ಬದಲಾಗಲು ಅದೂ ಕಾರಣವಾಯಿತು. ಬಿಟ್ಟುಹೋಗಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 1960ರ ದಶಕದ ಕೊನೆಗೆ ರಾಬರ್ಟ್‌ಸನ್ ದಂಪತಿ ಇನ್ನೊಂದನ್ನು ನೋಡಿದರು. ಎರಡನೇ ಹೆರಿಗೆಗೆ ಹೋದ ತಾಯಂದಿರ ಮಕ್ಕಳನ್ನು ತಮ್ಮ ಮನೆಗೇ ಕರೆತಂದು, ಮೊದಲೇ ಪರಿಚಯ ಮಾಡಿಕೊಂಡು, ಒಬ್ಬರೇ ನೋಡಿಕೊಂಡಾಗ ಮಕ್ಕಳು ಅಷ್ಟೇನೂ ಕಂಗೆಡಲಿಲ್ಲ. ಅದೇ ಹೊತ್ತಿಗೆ, ದಾದಿಯರು ಮತ್ತೆ ಮತ್ತೆ ಬದಲಾಗುತ್ತಿದ್ದ ಶಿಶುಗೃಹದಲ್ಲಿ ಒಂಬತ್ತು ದಿನ ಇದ್ದ ಹದಿನೇಳು ತಿಂಗಳ ಹುಡುಗ ಮಾತ್ರ ಪೂರಾ ಮುರಿದುಹೋದ. ಅಮ್ಮ ಇಲ್ಲದಾಗ ಮಗು ಯಾರ ಮಡಿಲಲ್ಲಿದೆ, ಆ ಮಡಿಲು ಅದಕ್ಕೆ ಮೊದಲೇ ಗೊತ್ತಿದೆಯೇ ಎಂಬಲ್ಲಿಗೆ ಪ್ರಶ್ನೆ ಬಂದು ನಿಂತಿತು.

ಇದು ನಮ್ಮ ಮನೆಗಳಿಗೆ ಹೊಸ ಪಾಠವೇನಲ್ಲ. ಬಾಣಂತನದಲ್ಲಿ ಮಗುವನ್ನು ಕಾಲ ಮೇಲೆ ಹಾಕಿ ಮೀಯಿಸಿದ್ದು ಅಜ್ಜಿ. ತಾಯಿ ಬೀಡಿ ಕಟ್ಟಿ ಸಂಜೆಯ ಮೊದಲು ಬ್ರಾಂಚಿಗೆ ಮುಟ್ಟಿಸಬೇಕಿದ್ದರೆ, ಮೊರದ ಮೇಲಿನ ಹೊಗೆಸೊಪ್ಪಿಗೆ ಕೈ ಹಾಕುವ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದದ್ದು ಅಕ್ಕನೋ ಪಕ್ಕದ ಮನೆಯ ಅತ್ತೆಯೋ. ಮಾನವನ ಮಗು ಒಬ್ಬ ತಾಯಿಯ ಕೈಯಲ್ಲಷ್ಟೇ ಬೆಳೆದು ಬಂದದ್ದಲ್ಲ, ಹಲವು ಕೈಗಳಲ್ಲಿ ಬೆಳೆದದ್ದು ಎಂದು ಸಾರಾ ಹರ್ಡಿ ಎಂಬ ಮಾನವಶಾಸ್ತ್ರಜ್ಞೆ 2009ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಕಡಬದ ಯಾವ ಅಜ್ಜಿಯಾದರೂ ಅದನ್ನು ಓದಿದ್ದರೆ "ಇದಕ್ಕೆ ಪುಸ್ತಕ ಬೇಕಿತ್ತಾ?" ಎನ್ನುತ್ತಿದ್ದಳು.

ಅಗಲಿಕೆಯೂ ಹೊಸತಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಂದ ಗಂಡಸರು ಮುಂಬಯಿಯ ಹೋಟೆಲುಗಳಿಗೆ ಹೋದರು, ಗಲ್ಫಿಗೆ ಹೋದರು, ಮಗುವಿನ ಮುಖವನ್ನು ಮೊದಲು ಫೋಟೊದಲ್ಲೂ ಈಗ ವಿಡಿಯೊ ಕಾಲ್‌ನಲ್ಲೂ ನೋಡಿದರು. ಯಕ್ಷಗಾನ ಮೇಳದ ಕಲಾವಿದರು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿ ಮನೆಯಲ್ಲಿ ಸಿಗುವುದು ಅಪರೂಪ. ಅವರಲ್ಲಿ ಯಾರನ್ನಾದರೂ "ಮಗು ಬಿಟ್ಟು ಹೇಗೆ ಹೋದ್ರಿ?" ಎಂದು ಕೇಳಿದ್ದುಂಟೇ? ದುಡಿಯಲು ಹೋದವರು ಎನ್ನಬಹುದು. ಸರಿ. ಹೆಂಗಸರಿಗೂ ದುಡಿಮೆಯ ಲೆಕ್ಕದಲ್ಲಿ ಈಗ ಒಪ್ಪಿಗೆ ಸಿಕ್ಕಿದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಗಿದೆ, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆಂದು 4000 ಗ್ರಾಮ ಪಂಚಾಯತ್‌ಗಳಲ್ಲಿ 'ಕೂಸಿನ ಮನೆ' ತೆರೆಯುತ್ತೇವೆಂದು ಸರಕಾರ 2023ರ ಬಜೆಟ್‌ನಲ್ಲಿ ಹೇಳಿತು. ಕೆಲಸಕ್ಕೆ ಬಿಟ್ಟುಹೋಗಬಹುದು, ಆಸ್ಪತ್ರೆಗೆ, ಸಾವಿಗೆ, ದೇವಸ್ಥಾನಕ್ಕೆ ಬಿಟ್ಟುಹೋಗಬಹುದು. ಸುಮ್ಮನೆ, ಗಂಡನ ಜೊತೆ ಕಾಫಿತೋಟದ ನಡುವೆ ಎರಡು ದಿನ ಮಲಗಿ ನಿದ್ದೆ ಮಾಡಿ ಬರಲು ಹೋಗುವಂತಿಲ್ಲ. ಮಗುವಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಅಮ್ಮ ಕಚೇರಿಗೆ ಹೋದದ್ದೋ ಅಬ್ಬಿ ಫಾಲ್ಸಿಗೆ ಹೋದದ್ದೋ ಅದಕ್ಕೆ ಒಂದೇ. ವ್ಯತ್ಯಾಸ ತಿಳಿಯುವುದು ನಮಗೆ. ಹಾಗಾಗಿ ಆಕ್ಷೇಪವೂ ನಮ್ಮದೇ, ಮಗುವಿನ ಹೆಸರಿನಲ್ಲಿ.

ಹೋದವರೂ ನೆಮ್ಮದಿಯಲ್ಲಿರುವುದಿಲ್ಲ ಎನ್ನಿ. ಹೋಂಸ್ಟೇಯಲ್ಲಿ ರೇಂಜ್ ಇಲ್ಲ. ತಾಯಿ ಫೋನ್ ಎತ್ತಿ ಹಿಡಿದುಕೊಂಡು ಅಂಗಳದ ತುದಿಯ ದರೆ ಹತ್ತುತ್ತಾಳೆ. ಅಲ್ಲಿಯವರೆಗೆ ಸೌಟು ಹಿಡಿದು ಪಾತ್ರೆ ಬಡಿಯುತ್ತಾ ಆರಾಮಾಗಿದ್ದ ಮಗು ಪರದೆಯಲ್ಲಿ ಅಮ್ಮನ ಮುಖ ಕಂಡದ್ದೇ ಕೂಗಲು ಶುರುಮಾಡುತ್ತದೆ. "ಕಾಲ್ ಮಾಡ್ಬೇಡ ಅಂತ ಹೇಳಿದ್ದಲ್ವಾ ನಾನು" ಎಂದು ಆಚೆಯಿಂದ ಅಜ್ಜಿ ಗದರುತ್ತಾಳೆ. ಹಾಲು ಕುಡಿಯುವ ಕೂಸನ್ನು, ಜ್ವರ ಬಂದ ಮಗುವನ್ನು, ಅಜ್ಜಿಯ ಮುಖವನ್ನೇ ವರ್ಷಕ್ಕೊಮ್ಮೆ ನೋಡುವ ಮಗುವನ್ನು ಬಿಟ್ಟುಹೋಗಿ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಂದು, ಶನಿವಾರ ಬೆಳಗ್ಗೆ ಮಗುವನ್ನು ಹೊಸ ಮನೆಯಲ್ಲಿ ಇಳಿಸಿ ಹೊರಟರೆ ರಾಬರ್ಟ್‌ಸನ್ ಕಂಡ ಶಿಶುಗೃಹದ ಕಥೆಯೇ ಆಗಬಹುದು. ಮೊದಲು ನಾಲ್ಕು ದಿನ ಅಲ್ಲೇ ಒಟ್ಟಿಗೆ ಇರಬೇಕು, ಅಜ್ಜಿಯ ಸೀರೆಯ ವಾಸನೆ ಮಗುವಿಗೆ ಗುರುತಾಗಬೇಕು.

ಪ್ರವಾಸದ ವಿಷಯದಲ್ಲಿ ನನ್ನನ್ನು ನಿಜವಾಗಿ ತಡೆಯುವುದು ಅಜ್ಜಿ. ಮಗುವಿನ ಬಗ್ಗೆ ನೂರು ಪ್ರಶ್ನೆ ಕೇಳುವವರು ಅವಳನ್ನು ಒಂದೂ ಕೇಳುವುದಿಲ್ಲ. ಅರುವತ್ತು ದಾಟಿದೆ, ಮೊಣಗಂಟು ನೋವು, ದನಕ್ಕೆ ಹುಲ್ಲು ಹಾಕಲಿಕ್ಕಿದೆ, ಅದರ ನಡುವೆ ಎರಡು ದಿನ ಎರಡು ರಾತ್ರಿ ಓಡಾಡುವ ಮಗುವಿನ ಹಿಂದೆ ಓಡಬೇಕು. ಮಗಳಿಗೆ ವಿಶ್ರಾಂತಿ ಸಿಕ್ಕಿದ್ದು ತಾಯಿಯ ವಿಶ್ರಾಂತಿಯನ್ನು ತೆಗೆದುಕೊಂಡು. ತಾನು ಮಕ್ಕಳನ್ನು ಸಾಕುವಾಗ ಅವಳಿಗೆ ಇಂಥ ಎರಡು ದಿನ ಯಾರೂ ಕೊಟ್ಟಿರಲಿಲ್ಲ. "ಮೊಮ್ಮಗು ಅಲ್ವಾ, ಖುಷಿಯೇ" ಎಂದು ಅವಳು ಹೇಳುವುದು ಅರ್ಧ ನಿಜ. ಇನ್ನರ್ಧ, ಬೇಡ ಎನ್ನುವ ಅಭ್ಯಾಸವೇ ಅವಳಿಗಿಲ್ಲ.

2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅಂದಿನಿಂದ ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸುಗಳಲ್ಲಿ ಈ ವಯಸ್ಸಿನವರ ಗುಂಪುಗಳು ಧಾರಾಳವಾಗಿ ಕಾಣುತ್ತವೆ, ಮಡಿಲಲ್ಲಿ ಚೀಲ, ಚೀಲದಲ್ಲಿ ಚಪಾತಿ. ಬೆಳಗ್ಗೆ ಹೊರಟು ಸಂಜೆ ಬರುವುದಾದರೂ ಸರಿ, ತಮ್ಮ ಪಾಡಿಗೆ ಹೋಗುವ ರುಚಿ ಅವರಿಗೂ ಹತ್ತಿದೆ. ದೇವರ ದರ್ಶನ ಎಂದರೆ ಮನೆಯಲ್ಲಿ ಯಾರೂ ತಡೆಯುವುದಿಲ್ಲ, ಅದೂ ಅವರಿಗೆ ಗೊತ್ತಿದೆ. ಹುಟ್ಟುಹಬ್ಬದ ಬಜೆಟ್ಟಿನಲ್ಲಿ ಕಿಡಿ ಕಾರಂಜಿಯನ್ನೂ ಕಟೌಟನ್ನೂ ಬಿಟ್ಟರೆ, ಮಗಳು ಅಳಿಯ ಮಡಿಕೇರಿಯಲ್ಲಿರುವ ಎರಡು ದಿನ ಅಜ್ಜಿಯ ಜೊತೆಗೆ ಅಡುಗೆಗೂ ದನಕ್ಕೂ ಒಬ್ಬರನ್ನು ಸಂಬಳ ಕೊಟ್ಟು ನಿಲ್ಲಿಸಬಹುದು. ಆ ಮೇಲಿನ ತಿಂಗಳು ಮಗುವನ್ನು ಅಪ್ಪ ನೋಡಿಕೊಂಡು ಮನೆಯಲ್ಲಿರಲಿ, ಅಜ್ಜಿಯೂ ಮಗಳೂ ಕೊಲ್ಲೂರಿಗೋ ಹೊರನಾಡಿಗೋ ಹೋಗಿ ರಾತ್ರಿ ಅಲ್ಲೇ ನಿಂತು ಬರಲಿ. ಆಗ ಊರಿನವರು ಅವನನ್ನು ಏನು ಕೇಳುತ್ತಾರೆ ನೋಡೋಣ.